ಅಗ್ಗ ಮತ್ತು ಸುರಕ್ಷಿತ

ಯೋಜನೆ ಹಾಕುವುದು ನನ್ನ ಹೊಟ್ಟೆಪಾಡು. ಹದಿನೆಂಟು ವರ್ಷಗಳಿಂದ ಬೇರೆಯವರ ಕೆಲಸದ ದಿನ, ಖರ್ಚು, ಅಪಾಯಗಳನ್ನು ಎಕ್ಸೆಲ್ ಶೀಟಿನಲ್ಲಿ ತುಂಬಿ ತುಂಬಿ, ಈಗ ಮನೆಯ ಗಣಪತಿ ಹಬ್ಬಕ್ಕೂ ಒಂದು ಶೀಟು ತೆರೆಯುವ ಚಟ ಹತ್ತಿದೆ. 2019ರಲ್ಲಿ ಕಂಪನಿ ನನ್ನನ್ನು ಪುಣೆಯಿಂದ ಎಂಟು ತಿಂಗಳ ಮಟ್ಟಿಗೆ ಅಮೆರಿಕದ ಸ್ಯಾನ್ ಡಿಯಾಗೋಕ್ಕೆ ಕಳಿಸಿತ್ತು. ಮೇ ರಜೆಗೆ ಹೆಂಡತಿ ಮತ್ತು ಎಂಟನೇ ತರಗತಿಯ ಮಗಳು ಬಂದರು. ಆ ಊರಿನಲ್ಲಿ ಮೂವರು ಎರಡು ದಿನ ಹೊರಗೆ ಉಂಡು, ಹೋಟೆಲಿನಲ್ಲಿ ಮಲಗಿ ಎದ್ದರೆ ಪುಣೆಯ ಒಂದು ತಿಂಗಳ ಮನೆ ಬಾಡಿಗೆ ಹೋಗುತ್ತಿತ್ತು. ಆಫೀಸಿನ ಗೆಳೆಯನೊಬ್ಬ ಉಪಾಯ ಹೇಳಿದ: "ಗಡಿ ದಾಟಿ ಟಿಹುವಾನಾಕ್ಕೆ ಹೋಗಿ ಬನ್ನಿ. ಎಲ್ಲಾ ಮೂರರಲ್ಲೊಂದು ಪಾಲು ರೇಟು."

ನಾನು ಶೀಟು ತೆರೆದೆ. ಯೋಜನೆ ಸುಲಭವಾಗಿಯೇ ಕೂಡಿಬಂತು. ಭಾರತದ ಪಾಸ್‌ಪೋರ್ಟ್ ಇದ್ದರೂ ಅದರಲ್ಲಿ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಅಂಟಿದ್ದರೆ ಮೆಕ್ಸಿಕೋ ಬೇರೆ ವೀಸಾ ಕೇಳುವುದಿಲ್ಲ. ನಮ್ಮ ವೀಸಾ ಹಲವು ಸಲ ಒಳಬರಲು ಅವಕಾಶ ಇರುವಂಥದ್ದು, ಹಾಗಾಗಿ ವಾಪಸ್ ಬರುವ ಚಿಂತೆಯೂ ಇರಲಿಲ್ಲ. ಕಾರು ಒಯ್ದರೆ ಮೆಕ್ಸಿಕೋದ ವಿಮೆ ಬೇರೆ ಮಾಡಿಸಬೇಕು, ಬರುವಾಗ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲಬೇಕು. ಅದಕ್ಕೆ ಟ್ರಾಲಿ ರೈಲಿನ ಬ್ಲೂ ಲೈನ್ ಹಿಡಿಯುವುದು. ಎರಡೂವರೆ ಡಾಲರ್ ಟಿಕೆಟ್, ಕೊನೆಯ ನಿಲ್ದಾಣ ಸ್ಯಾನ್ ಇಸಿಡ್ರೊ. ಅಲ್ಲಿಂದ ನಡೆದೇ ದೇಶ ದಾಟುವುದು. ಹಗಲಲ್ಲಿ ಹೋಗುವುದು, ಝೋನಾ ರಿಯೋ ಭಾಗದಲ್ಲಿ ಉಳಿಯುವುದು, ಊರೊಳಗೆ ಆ್ಯಪ್ ಟ್ಯಾಕ್ಸಿಯಲ್ಲೇ ಓಡಾಡುವುದು, ಬಾಟಲಿ ನೀರು ಮಾತ್ರ ಕುಡಿಯುವುದು. ಸಸ್ಯಾಹಾರಿಗಳಿಗೆ ಒಂದು ಸೂಚನೆ: ಅರೆದ ಬೀನ್ಸ್ ಕಾಳಿನ ಪಲ್ಯದಲ್ಲಿ ಹಂದಿಯ ಕೊಬ್ಬು ಹಾಕಿರುವುದುಂಟು, ಕೇಳಿಕೊಳ್ಳಬೇಕು.

ಅಪಾಯದ ಕಾಲಂಗೆ ಬಂದಾಗ ಸ್ವಲ್ಪ ತಡೆದೆ. 2018ರಲ್ಲಿ ಆ ಒಂದೇ ನಗರದಲ್ಲಿ 2,000ಕ್ಕೂ ಹೆಚ್ಚು ಕೊಲೆಗಳಾಗಿದ್ದವು. ಮತ್ತಷ್ಟು ಓದಿದಾಗ ತಿಳಿದದ್ದು, ಅವುಗಳಲ್ಲಿ ಹೆಚ್ಚಿನವು ಪ್ರವಾಸಿಗರು ಕಾಲಿಡದ ಬಡ ಬಡಾವಣೆಗಳಲ್ಲಿ ಆದವು. ನಾನು "ಸಂಭವ: ಕಡಿಮೆ" ಎಂದು ಬರೆದು ಮುಂದಿನ ಸಾಲಿಗೆ ಹೋದೆ.

ಹೆಂಡತಿ ಹಿಂದೆ ನಿಂತು ಓದುತ್ತಿದ್ದಳು. "ಅಗ್ಗ ಅಂತೂ ಖರೆ. ಸೇಫ್ ಐತೇನ್ರಿ?"

"ನಮಗ ಸೇಫ್ ಐತಿ" ಅಂದೆ.

ಈ ಬರಹ ಆ 'ನಮಗ' ಎಂಬ ಮಾತಿನ ಬಗ್ಗೆ.

ಶನಿವಾರ ಬೆಳಿಗ್ಗೆ ದಾಟಿದೆವು. ತಿರುಗುವ ಕಬ್ಬಿಣದ ಗೇಟು, ಒಂದು ಫಾರ್ಮ್, ಒಂದು ಠಸ್ಸೆ. ಹತ್ತು ನಿಮಿಷ ಹಿಡಿಯಲಿಲ್ಲ. ನಾವು ಹೊರಬಿದ್ದದ್ದು ಎಲ್ ಚಪರಾಲ್ ಎಂಬ ಬಯಲಿಗೆ. ಅಲ್ಲಿ ನೂರಾರು ಜನ ಗಂಟುಮೂಟೆ, ಕೂಸುಗಳ ಸಮೇತ ನಿಂತಿದ್ದರು. ನಡುವೆ ಒಂದು ಮೇಜು, ಮೇಜಿನ ಮೇಲೆ ನಾವು ಶಾಲೆಯಲ್ಲಿ ಬಳಸುತ್ತಿದ್ದಂಥ ಒಂದು ನೋಟ್‌ಬುಕ್. ಒಬ್ಬರು ಅದನ್ನು ನೋಡಿ ಸಂಖ್ಯೆ ಕೂಗುತ್ತಿದ್ದರು. ಆಮೇಲೆ ಓದಿ ತಿಳಿದೆ: ಅಮೆರಿಕದಲ್ಲಿ ಆಶ್ರಯ ಕೇಳುವವರ ಪಾಳಿ ಅದು. ಅಮೆರಿಕದ ಅಧಿಕಾರಿಗಳು ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿದ್ದರಿಂದ, ಕಾಯುವವರೇ ಸೇರಿ ಪುಸ್ತಕ ಇಟ್ಟಿದ್ದರು. ಒಂದು ಸಂಖ್ಯೆಗೆ ಹತ್ತು ಜನ. ಹೊಂಡುರಾಸ್‌ನವರು, ಹೈಟಿಯವರು, ಕ್ಯಾಮರೂನ್‌ನವರು ವಾರಗಟ್ಟಲೆ, ತಿಂಗಳುಗಟ್ಟಲೆ ಕಾಯುತ್ತಿದ್ದರು. ಪಾಳಿ ನಿಭಾಯಿಸುವ ಸಾಫ್ಟ್‌ವೇರ್ ಬರೆಸಿದವನು ನಾನು. ಅದು ಎಷ್ಟು ಶಿಸ್ತಿನ ಪಾಳಿ ಎಂದು ನೋಡಿದ ತಕ್ಷಣ ಅರ್ಥವಾಯಿತು. ಅವರ ಪಕ್ಕದಲ್ಲೇ ನಮ್ಮ ಚಕ್ರದ ಸೂಟ್‌ಕೇಸ್ ಎಳೆದುಕೊಂಡು ಹೋದೆವು. ಯಾರೂ ನಮ್ಮನ್ನು ದಿಟ್ಟಿಸಲಿಲ್ಲ.

ಊರು ಚಂದವಿತ್ತು, ಅದನ್ನು ಹೇಳಲೇಬೇಕು. ಗೋವಿನಜೋಳದ ರೊಟ್ಟಿಯಲ್ಲಿ ಪಾಪಸುಕಳ್ಳಿಯ ಪಲ್ಯ ಸುತ್ತಿ ಕೊಟ್ಟರು, ಹೆಂಡತಿ ಎರಡು ಸಲ ಹಾಕಿಸಿಕೊಂಡಳು. 1982ರಲ್ಲಿ ತೆರೆದ ಸಾಂಸ್ಕೃತಿಕ ಕೇಂದ್ರದ ದೊಡ್ಡ ಚೆಂಡಿನಂಥ ಕಟ್ಟಡದ ಮುಂದೆ ಮಗಳು ಫೋಟೋ ತೆಗೆಸಿಕೊಂಡಳು. ರೆವೊಲ್ಯೂಸಿಯೊನ್ ಬೀದಿಯಲ್ಲಿ ಸೀಸರ್ ಸಲಾಡ್ ಹುಟ್ಟಿದ ಹೋಟೆಲು ಇದೆ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಇದ್ದಾಗ ಕುಡಿಯುವವರೆಲ್ಲ ಇಲ್ಲಿಗೆ ದಾಟಿ ಬರುತ್ತಿದ್ದರು. ಆ ಗಿರಾಕಿಗಳ ಗದ್ದಲದಲ್ಲೇ 1924ರಲ್ಲಿ ಆ ಸಲಾಡ್ ಹುಟ್ಟಿತೆನ್ನುತ್ತಾರೆ. ಆಚೆ ಸಿಗದ್ದನ್ನು ಈಚೆ ಕೊಡುವುದು ಈ ಊರಿನ ಹಳೆಯ ಕಸುಬು. 1965ರಿಂದ ಮೆಕ್ಸಿಕೋ ಸರ್ಕಾರ ಗಡಿಯುದ್ದಕ್ಕೂ ರಫ್ತು ಕಾರ್ಖಾನೆಗಳನ್ನು ತರಿಸಿತು. ಆಚೆ ದುಬಾರಿಯಾದ ದುಡಿಮೆ ಈಚೆ ಅಗ್ಗಕ್ಕೆ ಸಿಗತೊಡಗಿತು. ಟಿವಿ, ವೈದ್ಯಕೀಯ ಉಪಕರಣಗಳನ್ನು ಇಲ್ಲಿ ಜೋಡಿಸಿ ಆಚೆಗೆ ಕಳಿಸುತ್ತಾರೆ. ಪೆಟ್ಟಿಗೆಗಳು ದಾಟುತ್ತವೆ. ಜೋಡಿಸಿದ ಕೈಗಳಲ್ಲಿ ಹೆಚ್ಚಿನವಕ್ಕೆ ಆ ಅವಕಾಶವಿಲ್ಲ.

ಸಂಜೆ ಅದೇ ಬೀದಿಯಲ್ಲಿ ಮಗಳಿಗೆ ಒಂದು ಕಸೂತಿ ಚೀಲ ಇಷ್ಟವಾಯಿತು. ಮಾರುವಾಕೆ 250 ಪೆಸೊ ಅಂದಳು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಅವ್ವನ ಸೆರಗು ಹಿಡಿದು ಚೌಕಾಸಿ ಕಲಿತವನು ನಾನು. ಎರಡು ಸಲ ಹೊರಟಂತೆ ಮಾಡಿ 180ಕ್ಕೆ ಇಳಿಸಿದೆ. ಉಳಿದ 70 ಪೆಸೊ ಎಂದರೆ ನಾಲ್ಕು ಡಾಲರಿಗೂ ಕಡಿಮೆ. ಸ್ಯಾನ್ ಡಿಯಾಗೋದಲ್ಲಿ ನಾನು ದಿನಾ ಕುಡಿಯುತ್ತಿದ್ದ ಒಂದು ಕಾಫಿ. ಗೆದ್ದ ಖುಷಿಯಲ್ಲಿ ನಡೆಯುತ್ತಿದ್ದಾಗ ಮಗಳು ಕೇಳಿದಳು: "ಅಪ್ಪಾ, ಆಕಿ ಇದನ್ನ ಆಕಡೆ ಬಂದು ಮಾರಿದ್ರ ಎಷ್ಟಕ್ಕ ಮಾರತಿದ್ಲು?"

"ಆಕಿ ಆಕಡೆ ಬರಾಕ ಬರೂದಿಲ್ಲವಾ" ಅಂದೆ.

"ಹಂಗಾರ ಅದಕ್ಕ ನಮಗ ಅಗ್ಗ ಸಿಕ್ತು" ಅಂದಳು. ಆಕ್ಷೇಪಣೆಯ ದನಿಯಲ್ಲಲ್ಲ, ಗಣಿತದ ಉತ್ತರ ಸಿಕ್ಕಿದವರ ದನಿಯಲ್ಲಿ.

ಭಾನುವಾರ ವಾಪಸ್ ಬರಲು ಎರಡು ಗಂಟೆ ಸಾಲಿನಲ್ಲಿ ನಿಂತೆವು. ಅಧಿಕಾರಿ ವೀಸಾ ನೋಡಿ, ಮಗಳಿಗೆ ಮುಗುಳ್ನಕ್ಕು, ಕೈ ಮಾಡಿದ.

ಸೋಮವಾರ ಆಫೀಸು. ಕ್ಲೈಂಟ್ ಆ ವಾರ ಒಂದು ಪ್ರಶ್ನೆ ಎತ್ತಿದ್ದ: ಪುಣೆಯ ತಂಡದ ಆರು ಹುದ್ದೆಗಳನ್ನು ಟಿಹುವಾನಾಕ್ಕೆ ಸಾಗಿಸಿದರೆ ಹೇಗೆ? ಒಂದೇ ಹೊತ್ತುಗಡಿಯಾರ, ಅರ್ಧ ಗಂಟೆಯ ದಾರಿ. ಉತ್ತರವಾಗಿ ನಾನು ಹಿಂದಿನ ಗುರುವಾರವೇ ಒಂದು ಸ್ಲೈಡ್ ಸಿದ್ಧಮಾಡಿಟ್ಟಿದ್ದೆ. ಅದನ್ನು ತೆರೆದು ನೋಡಿದರೆ, ನಮ್ಮ ಹುಡುಗ ಹುಡುಗಿಯರ ಬಗ್ಗೆ ನಾನೇ ಬರೆದ ಎರಡು ಸಾಲು: ಕಡಿಮೆ ಖರ್ಚು. ಕಡಿಮೆ ಅಪಾಯ. ಶನಿವಾರದ ಪ್ರವಾಸದ ಶೀಟಿನಲ್ಲಿದ್ದದ್ದೂ ಅವೇ ಎರಡು ಮಾತು. ಬಹಳ ಹೊತ್ತು ಪರದೆಯ ಮುಂದೆ ಸುಮ್ಮನೆ ಕೂತಿದ್ದೆ.

ಅಗ್ಗ, ಸುರಕ್ಷಿತ ಎಂಬುವು ಊರಿನ ಗುಣಗಳಂತೆ ಕೇಳಿಸುತ್ತವೆ. ನಿಜಕ್ಕೂ ಅವು ನೋಡುವವನ ಜೇಬು ಮತ್ತು ಕಾಗದಗಳ ವರ್ಣನೆ. ಚೀಲ ಮಾರಿದವಳಿಗೆ ಟಿಹುವಾನಾ ಅಗ್ಗವಲ್ಲ. ಪುಸ್ತಕದಲ್ಲಿ ಹೆಸರು ಬರೆಸಿದವನಿಗೆ ಅದು ಸುರಕ್ಷಿತವಲ್ಲ. ಹಾಗೆಯೇ ಹಿಂಜವಡಿಯಲ್ಲಿ ಗೃಹಸಾಲದ ಕಂತು ಕಟ್ಟುವ ನಮ್ಮ ಹುಡುಗರಿಗೆ ಪುಣೆ ಅಗ್ಗವಲ್ಲ. ದೂರದಿಂದ ಡಾಲರಿನಲ್ಲಿ ಲೆಕ್ಕ ಹಾಕುವವನಿಗೆ ಅಗ್ಗ.

ಹಾಗಾದರೆ ಇಂಥ ಪ್ರವಾಸಕ್ಕೆ ಹೋಗುವುದು ತಪ್ಪೇ? ಗೆಳೆಯರು ಎರಡು ಸಮಾಧಾನ ಹೇಳಿದರು. ಮೊದಲನೆಯದು: ನಾವು ಹೋಗದಿದ್ದರೆ ಅವಳಿಗೇ ನಷ್ಟ. ಇದು ಸರಿ. ನನ್ನ ಪಶ್ಚಾತ್ತಾಪದಿಂದ ಅವಳ ಒಲೆ ಉರಿಯುವುದಿಲ್ಲ, 180 ಪೆಸೊದಿಂದ ಉರಿಯುತ್ತದೆ. ಆದರೆ ಈ ಮಾತು ಹೋಗುವುದಕ್ಕೆ ಒಪ್ಪಿಗೆ ಕೊಡುತ್ತದೆಯೇ ಹೊರತು 70 ಪೆಸೊ ಇಳಿಸಿದ್ದಕ್ಕೆ ಕೊಡುವುದಿಲ್ಲ. ದುರ್ಗದಬೈಲಿನಲ್ಲಿ ಅವ್ವ ಚೌಕಾಸಿ ಮಾಡುತ್ತಿದ್ದುದು ತನ್ನಂಥವರೊಡನೆ. ಮಾರುವವನೂ ಬೇಡವೆನ್ನಬಹುದಿತ್ತು, ಮುಂದಿನ ಓಣಿಗೆ ಹೋಗಬಹುದಿತ್ತು. ಇಲ್ಲಿ ಅವಳು ಹೋಗಬಹುದಾದ ಮುಂದಿನ ಓಣಿಗೆ ಅಡ್ಡಲಾಗಿ ಗೋಡೆಯಿದೆ. ನನ್ನ ಚೌಕಾಸಿಗೆ ಆ ಗೋಡೆ ಸಹಾಯ ಮಾಡಿತು.

ಎರಡನೆಯದು: ನೀನು ಕಷ್ಟಪಟ್ಟು ಓದಿ ಬಂದವನು, ಇದು ನಿನ್ನ ದುಡಿಮೆಯ ಫಲ. ಟೊರೊಂಟೊ ವಿಶ್ವವಿದ್ಯಾಲಯದ ಜೋಸೆಫ್ ಕ್ಯಾರನ್ಸ್ 1987ರ ಒಂದು ಪ್ರಸಿದ್ಧ ಪ್ರಬಂಧದಲ್ಲಿ, ಶ್ರೀಮಂತ ದೇಶದ ಪೌರತ್ವವನ್ನು ಹಳೆಯ ಕಾಲದ ಜಹಗೀರುದಾರರ ಹುಟ್ಟುಹಕ್ಕಿಗೆ ಹೋಲಿಸುತ್ತಾರೆ. ಹುಟ್ಟಿನಿಂದ ಬರುವ ಮೇಲುಗೈ ಎಂದರೇನು ಎಂದು ತಿಳಿಯಲು ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ನನ್ನ ಸ್ಥಿತಿ ಸ್ವಲ್ಪ ಬೇರೆ. ನನ್ನದು ಬಾಡಿಗೆಯ ಹಕ್ಕು; ಕಂಪನಿಗೆ ನಾನು ಬೇಕಾಗಿರುವಷ್ಟು ದಿನ ಆ ಕಾಗದ ನನ್ನ ಪಾಸ್‌ಪೋರ್ಟಿನಲ್ಲಿರುತ್ತದೆ. ನಾನು ದುಡಿದದ್ದು ನಿಜ. ಆದರೆ ಆ ಬಯಲಿನಲ್ಲಿ ನಿಂತಿದ್ದವರು ಕಡಿಮೆ ದುಡಿದವರು ಎನ್ನಲು ನನ್ನ ಬಳಿ ಯಾವ ಆಧಾರವೂ ಇಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಮೆಕ್ಸಿಕೋ 311 ಭಾರತೀಯರನ್ನು ಒಂದೇ ವಿಮಾನದಲ್ಲಿ ದೆಹಲಿಗೆ ವಾಪಸ್ ಕಳಿಸಿತು. ನನ್ನದೇ ಬಣ್ಣದ ಪಾಸ್‌ಪೋರ್ಟಿನವರು. ಅವರಿಗೂ ನನಗೂ ನಡುವೆ ಇದ್ದದ್ದು ಒಂದು ಚೀಟಿ.

ನನಗೆ ತೋಚಿದ್ದು ಇಷ್ಟು. ಅದೃಷ್ಟ ಅನುಭವಿಸುವುದು ತಪ್ಪಲ್ಲ. ಅದನ್ನು ಯೋಗ್ಯತೆ ಎಂದು ಲೆಕ್ಕದಲ್ಲಿ ಬರೆಯುವುದು ತಪ್ಪು. ಹಾಗೆ ಬರೆದ ಕೂಡಲೇ ಎದುರಿನವನ ಬಡತನವೂ ಅವನ ಯೋಗ್ಯತೆಯೇ ಆಗಿಬಿಡುತ್ತದೆ. ಆಮೇಲೆ ಚೌಕಾಸಿಗೆ ನಾಚಿಕೆ ಉಳಿಯುವುದಿಲ್ಲ. ಪುಣೆಯಲ್ಲಿ ನಾನಿರುವ ಸೊಸೈಟಿಯ ಎದುರು ಕಟ್ಟಡ ಏಳುತ್ತಿದೆ. ಅಲ್ಲಿ ಇಟ್ಟಿಗೆ ಹೊರುವವರು ಕಲಬುರಗಿ ಕಡೆಯ ಕನ್ನಡ ಮಾತಾಡುತ್ತಾರೆ. ಆ ಫ್ಲ್ಯಾಟಿನ ಚದರಡಿ ರೇಟು ಕೇಳಿ 'ಪರವಾಗಿಲ್ಲ' ಅಂದಿದ್ದೆ. ಅದನ್ನು ಪರವಾಗಿಲ್ಲ ಅನಿಸುವಂತೆ ಮಾಡಿದವರು ಯಾರೆಂದು ಕೇಳಲು ಮೆಕ್ಸಿಕೋಗೆ ಹೋಗಿ ಬರಬೇಕಾಯಿತು.

ದೊಡ್ಡ ಬದಲಾವಣೆಯೇನೂ ಆಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆ ಸ್ಲೈಡನ್ನು ಹಾಗೆಯೇ ತೋರಿಸಿದೆ. ಆರು ಹುದ್ದೆಗಳು ಪುಣೆಯಲ್ಲೇ ಉಳಿದವು. ಟಿಹುವಾನಾದ ಯಾರೋ ಆರು ಮಂದಿಗೆ ಸಿಗಲಿಲ್ಲ. ನನ್ನ ತಂಡದವರ ಮನೆ ನಡೆಯಬೇಕು, ಮತ್ತೊಮ್ಮೆ ಕೇಳಿದರೂ ಅದನ್ನೇ ತೋರಿಸುತ್ತೇನೆ. ಚೌಕಾಸಿ ಮಾತ್ರ ಕಡಿಮೆಯಾಗಿದೆ. ಯಾರಾದರೂ ಟಿಹುವಾನಾ ಅಪಾಯದ ಊರೇ ಎಂದು ಕೇಳಿದರೆ "ಯಾರಿಗೆ?" ಎಂದು ಕೇಳುತ್ತೇನೆ, ಮನೆಯವರಿಗೆ ಇದು ಬೇಸರ ತರಿಸಿದೆ.

ಪ್ರವಾಸದ ಶೀಟಿಗೆ ಒಂದು ಕಾಲಂ ಸೇರಿಸಿದ್ದೇನೆ. ದಿನ, ಜಾಗ, ಖರ್ಚು, ಅಪಾಯ, ಆಮೇಲೆ "ಯಾರ ಲೆಕ್ಕದಲ್ಲಿ?" ಬಹಳ ಸಲ ಅಲ್ಲಿ ಏನು ಬರೆಯಬೇಕೆಂದು ತೋಚದೆ ಅದು ಖಾಲಿಯೇ ಇರುತ್ತದೆ. ಮಗಳು ಈಗ ಕಾಲೇಜಿನಲ್ಲಿದ್ದಾಳೆ, ಆ ಚೀಲವನ್ನು ಇನ್ನೂ ಹಾಕಿಕೊಂಡು ಹೋಗುತ್ತಾಳೆ. ಕಾಲಂ ಅಳಿಸಲು ಕೈ ಬಂದಿಲ್ಲ.