ಸಿಸ್ಟರ್‌ಗೆ ಕರುಣೆ ಇಲ್ಲವೇ?

ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಯ ಜೊತೆ ರಾತ್ರಿ ಕಳೆದ ಅನುಭವ ನಿಮಗೂ ಇರಬಹುದು. ಗ್ಲುಕೋಸ್ ಬಾಟಲಿ ಮುಗಿಯುತ್ತಾ ಬಂದಿದೆ. ನೀವು ಎರಡು ಸಲ ಹೋಗಿ ಕರೆದಿದ್ದೀರಿ. ಕೊನೆಗೆ ಸಿಸ್ಟರ್ ಬರುತ್ತಾರೆ, ರೋಗಿಯ ಮುಖ ನೋಡದೆ ಬಾಟಲಿ ಬದಲಿಸುತ್ತಾರೆ, ಕೇಳಿದ್ದಕ್ಕೆ ಅರ್ಧ ಉತ್ತರ ಕೊಟ್ಟು ಹೊರಟುಹೋಗುತ್ತಾರೆ. ಇವರಿಗೆ ಕರುಣೆಯೇ ಇಲ್ಲವೇ ಎಂದು ನಿಮಗನಿಸುತ್ತದೆ.

ನನ್ನ ತಂದೆಯವರು ಎಂಟು ದಿನ ಆಸ್ಪತ್ರೆಯಲ್ಲಿದ್ದಾಗ ನನಗೂ ಹಾಗೆಯೇ ಅನಿಸಿತು. ಮೂರನೆಯ ರಾತ್ರಿ ಅದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟೆ. ಆಕೆ ಸಿಟ್ಟಾಗಲಿಲ್ಲ. "ಸಾರ್, ಇಲ್ಲಿ ಮೂವತ್ತೆರಡು ಬೆಡ್. ಇವತ್ತು ನಾನೊಬ್ಬಳೇ" ಎಂದರು. ಸ್ವಲ್ಪ ತಡೆದು ಮುಂದುವರಿಸಿದರು: "ಮೊದಲ ವರ್ಷ ರೋಗಿ ತೀರಿಕೊಂಡರೆ ರೂಮಿಗೆ ಹೋಗಿ ಅಳುತ್ತಿದ್ದೆ. ಈಗ ಬೆಡ್ ಖಾಲಿಯಾಯಿತು ಎಂದಷ್ಟೇ ಅನಿಸುತ್ತದೆ. ನನಗೇ ಹೆದರಿಕೆಯಾಗುತ್ತದೆ."

ಹೃದಯ ಕಲ್ಲಾಗುವುದರ ಬಗ್ಗೆ ಪವಿತ್ರ ಕುರ್‌ಆನ್ ಕಠಿಣವಾಗಿ ಎಚ್ಚರಿಸಿದೆ. ಹಾಗಾದರೆ ಈಕೆ ತಪ್ಪಿತಸ್ಥರೇ? ನನಗೆ ಹಾಗೆ ತೋರುವುದಿಲ್ಲ. ಕಲ್ಲಾದ ಹೃದಯಕ್ಕೆ ತಾನು ಕಲ್ಲಾದೆನೆಂಬ ಹೆದರಿಕೆ ಇರುವುದಿಲ್ಲ. ಎಣ್ಣೆ ತೀರಿದ ಮೇಲೆ ದೀಪದಲ್ಲಿ ಬತ್ತಿಯೇ ಉರಿಯುತ್ತದಲ್ಲ, ಇದು ಅಂಥ ಸ್ಥಿತಿ. 'ಬರ್ನ್‌ಔಟ್' ಎಂಬ ಹೆಸರಿನಲ್ಲಿ 1974ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಇದರ ಬಗ್ಗೆ ಬರೆದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ರೋಗವೆಂದಲ್ಲ, ಕೆಲಸದ ಸ್ಥಳದ ಒತ್ತಡದಿಂದ ಹುಟ್ಟುವ ಸ್ಥಿತಿಯೆಂದು ವಿವರಿಸಿತು. ಬಳಲಿಕೆ, ಕೆಲಸದಿಂದ ಮನಸ್ಸು ದೂರವಾಗುವುದು, ತನ್ನಿಂದ ಏನೂ ಆಗುತ್ತಿಲ್ಲ ಎಂಬ ಭಾವನೆ ಇದರ ಲಕ್ಷಣಗಳು.

ಪೆನ್ಸಿಲ್ವೇನಿಯದ ಆಸ್ಪತ್ರೆಗಳ ಹತ್ತು ಸಾವಿರಕ್ಕೂ ಹೆಚ್ಚು ನರ್ಸ್‌ಗಳ ಕುರಿತು ಲಿಂಡಾ ಐಕನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ನರ್ಸ್ ಒಬ್ಬರ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆ ಈ ಬಳಲಿಕೆಯ ಸಂಭವ ಶೇ. 23ರಷ್ಟು, ಶಸ್ತ್ರಚಿಕಿತ್ಸೆಯಾದ ರೋಗಿ ತಿಂಗಳೊಳಗೆ ಸಾಯುವ ಸಂಭವ ಶೇ. 7ರಷ್ಟು ಹೆಚ್ಚಿರುವುದು ಅದರಲ್ಲಿ ಕಂಡುಬಂತು. ಅಂದರೆ ಆಕೆಯ ಆಯಾಸ ಆಕೆಯೊಬ್ಬಳ ಸಂಗತಿಯಲ್ಲ. ಅದೇ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಒಬ್ಬ ನರ್ಸ್‌ಗೆ ಗರಿಷ್ಠ ಎಷ್ಟು ರೋಗಿಗಳು ಎಂಬ ಕಾನೂನು 2004ರಿಂದ ಜಾರಿಯಲ್ಲಿದೆ.

ನಾವಾದರೋ ಆಕೆಗೆ ಸಹನೆಯ ಉಪದೇಶ ಮಾಡುತ್ತೇವೆ. ಅಲ್ಲಾಹನು ಯಾರ ಮೇಲೂ ಶಕ್ತಿಮೀರಿದ ಭಾರ ಹೊರಿಸುವುದಿಲ್ಲ ಎಂದು ನೆನಪಿಸುತ್ತೇವೆ. ಮಾತು ಸತ್ಯವೇ. ಆದರೆ ಮೂವತ್ತೆರಡು ರೋಗಿಗಳನ್ನು ಆಕೆಯೊಬ್ಬಳ ಮೇಲೆ ಹೊರಿಸಿದವನು ಅಲ್ಲಾಹನಲ್ಲ, ಡ್ಯೂಟಿ ಪಟ್ಟಿ ಬರೆದ ಮನುಷ್ಯ. ನಿಮ್ಮ ಕೈಕೆಳಗಿನವರ ಮೇಲೆ ಅವರ ಶಕ್ತಿಮೀರಿದ ಕೆಲಸ ಹೊರಿಸಬಾರದು, ಹೊರಿಸಿದರೆ ನೀವೂ ಕೈಜೋಡಿಸಬೇಕು ಎಂದು ಪ್ರವಾದಿವರ್ಯರು(ಸ) ಆದೇಶಿಸಿದ್ದು ಅಂಥವರಿಗೇ. ಹ. ಅಬುದ್ದರ್ದಾ(ರ) ರಾತ್ರಿಯಿಡೀ ನಮಾಝ್‌ನಲ್ಲಿ ನಿಲ್ಲಲು ಹೊರಟಾಗ ಹ. ಸಲ್ಮಾನ್(ರ) ತಡೆದು ಮಲಗಿಸಿದ ಪ್ರಸಂಗ ನೀವು ಕೇಳಿರುತ್ತೀರಿ. ಶರೀರಕ್ಕೂ ಹಕ್ಕಿದೆ ಎಂಬ ಅವರ ಮಾತನ್ನು ಪ್ರವಾದಿವರ್ಯರು(ಸ) ಸರಿಯೆಂದರು. ಆರಾಧನೆಗೇ ಮಿತಿ ಇರುವಾಗ ನೈಟ್ ಡ್ಯೂಟಿಗೆ ಇಲ್ಲವೇ?

ಸಾಂಕ್ರಾಮಿಕದಂಥ ಆಪತ್ತಿನಲ್ಲಿ ಮಿತಿ ಮೀರಬೇಕಾಗುತ್ತದೆ ನಿಜ. ಕೊರೋನಾ ಕಾಲದಲ್ಲಿ ಅವರು ಮೀರಿ ದುಡಿದರು. 2020ರ ಮಾರ್ಚ್ 22ರಂದು ನಾವು ತಟ್ಟೆ ಬಡಿದೆವು. ತಟ್ಟೆಯ ಸದ್ದಿಗೆ ವಾರ್ಡಿನಲ್ಲಿ ಒಬ್ಬ ನರ್ಸ್ ಕೂಡ ಹೆಚ್ಚಾಗಲಿಲ್ಲ ಎನ್ನುವುದು ಬೇರೆ ಮಾತು.

ಹಾಗೆಂದು ಆಕೆಗೆ ಲೆಕ್ಕವೇ ಇಲ್ಲವೆಂದು ಹೇಳಲಾರೆ. ನೋವಿನಲ್ಲಿರುವವನಿಗೆ ಒರಟು ಮಾತು ಒರಟೇ. ಕಾರಣ ತಿಳಿದರೂ ಅವನ ನೋವು ಇಳಿಯುವುದಿಲ್ಲ. ಆದರೆ ಆ ಲೆಕ್ಕವನ್ನು ಆಕೆಯೊಬ್ಬಳ ಹೆಸರಿಗೇ ಬರೆಯುವುದು ನ್ಯಾಯವಲ್ಲ. ಆಡಳಿತದವರಿಗೆ ಅದರಲ್ಲಿ ಪಾಲಿದೆ. ಒಬ್ಬ ರೋಗಿಯ ಸುತ್ತ ಹತ್ತು ಮಂದಿ ನಿಂತು, ಫ್ಯಾನ್ ತಿರುಗದಿದ್ದರೂ ಸಿಸ್ಟರನ್ನೇ ಗದರಿಸುವ ನಮಗೂ ಇದೆ.

ನಮ್ಮ ಓದುಗರಲ್ಲಿ ಆಸ್ಪತ್ರೆ ನಡೆಸುವ ಟ್ರಸ್ಟ್‌ಗಳ ಸದಸ್ಯರೂ ಇರಬಹುದು. ಅವರಲ್ಲಿ ನನ್ನದೊಂದು ವಿನಂತಿ: ಮುಂದಿನ ಸಭೆಗೆ ಮುನ್ನ ಒಂದು ದಿನ ರಾತ್ರಿ ಎರಡು ಗಂಟೆಗೆ ನಿಮ್ಮ ವಾರ್ಡಿಗೆ ಹೋಗಿ. ಎಷ್ಟು ಬೆಡ್, ಎಷ್ಟು ಸಿಸ್ಟರ್ ಎಂದು ಎಣಿಸಿ. ಅವರು ಊಟ ಮಾಡಿದ್ದಾರೆಯೇ ಎಂದೂ ಕೇಳಿ.