ಮನೆವಾರ್ತೆಯವನೂ ಮನೆಯ ಬಾಗಿಲೂ

ದೇವರ ಮನೆಯನ್ನು ಕಾಯುವವನ ಮೊದಲ ಕರ್ತವ್ಯ ಯಾವುದು? ಮನೆಯನ್ನು ಭದ್ರವಾಗಿ ಉಳಿಸುವುದೋ, ಬಾಗಿಲನ್ನು ತೆರೆದಿಡುವುದೋ? ಎರಡೂ ಎಂದು ಉತ್ತರಿಸುವುದು ಸುಲಭ. ಎರಡೂ ಒಟ್ಟಿಗೆ ಸಾಧ್ಯವಾಗದ ದಿನ ಬಂದರೆ? ಲಂಡನ್ನಿನ ಸಂತ ಪೌಲರ ಮಹಾದೇವಾಲಯದ ಡೀನರಿಗೆ ಅಂಥ ದಿನವೊಂದು ಬಂದಿತು.

ಡೀನ್ ಎಂಬ ಹೆಸರು ಹತ್ತು ಎಂಬರ್ಥದ ಲ್ಯಾಟಿನ್ ಪದದಿಂದ ಹುಟ್ಟಿದ್ದು. ಮಠಗಳಲ್ಲಿ ಹತ್ತು ಮಂದಿ ಸನ್ಯಾಸಿಗಳ ಮೇಲ್ವಿಚಾರಕನನ್ನು ಹಾಗೆ ಕರೆಯುತ್ತಿದ್ದರು. ಆಂಗ್ಲಿಕನ್ ಮಹಾದೇವಾಲಯದಲ್ಲಿ ಬಿಷಪರ ಪೀಠವಿದ್ದರೂ ದಿನನಿತ್ಯದ ಆಡಳಿತವು ಡೀನರಿಗೂ ಕ್ಯಾನನ್‌ಗಳ ಮಂಡಳಿಗೂ ಸೇರಿದ್ದು. ಸತ್ಯವೇದದ ಮಾತಿನಲ್ಲಿ ಹೇಳುವುದಾದರೆ ಅವರು ಮನೆವಾರ್ತೆಯವರು.

ಕವಿ ಜಾನ್ ಡನ್ 1621ರಿಂದ 1631ರಲ್ಲಿ ಮರಣ ಹೊಂದುವವರೆಗೆ ಈ ಪದವಿಯಲ್ಲಿದ್ದರು. ಶವವಸ್ತ್ರ ಹೊದ್ದು ನಿಂತಿರುವ ಅವರ ಅಮೃತಶಿಲೆಯ ಪ್ರತಿಮೆಯು 1666ರ ಮಹಾ ಅಗ್ನಿಯಿಂದ ಪಾರಾಗಿ ಇಂದಿಗೂ ಅಲ್ಲಿದೆ. ಅಗ್ನಿಗೆ ಮುಂಚೆ ಮತ್ತೊಂದು ಆಪತ್ತು ಬಂದಿತ್ತು. 1649ರಲ್ಲಿ ಪಾರ್ಲಿಮೆಂಟು ಡೀನ್ ಪದವಿಯನ್ನೇ ರದ್ದುಗೊಳಿಸಿತು. ಅರಸೊತ್ತಿಗೆಯೊಡನೆ 1660ರಲ್ಲಿ ಅದು ಮರಳುವುದರೊಳಗೆ ದೇವಾಲಯದಲ್ಲಿ ಸೈನ್ಯದ ಕುದುರೆಗಳನ್ನು ಕಟ್ಟಿಹಾಕಿದ್ದರು. ಕಾಯುವವನಿಲ್ಲದ ಮನೆ ಲಾಯವಾಯಿತು. ಕಾವಲಿನವರನ್ನು ಹಳಿಯುವ ಮುನ್ನ ನಾವು ಇದನ್ನು ನೆನೆಯಬೇಕು.

ವಾಲ್ಟರ್ ಮ್ಯಾಥ್ಯೂಸ್ ಡೀನರಾಗಿದ್ದಾಗ, 1940ರ ಡಿಸೆಂಬರ್ 29ರ ರಾತ್ರಿ, ಬಾಂಬುಗಳಿಂದ ಸುತ್ತಲಿನ ನಗರವೆಲ್ಲ ಹೊತ್ತಿ ಉರಿಯಿತು. ಸ್ವಯಂಸೇವಕರು ಪ್ರಾಣದ ಹಂಗು ತೊರೆದು, ಬಿದ್ದ ಕಿಚ್ಚನ್ನು ಆರಿಸಿ ಆಲಯವನ್ನು ಉಳಿಸಿದರು. ಅವರನ್ನು ಲೋಕವು ಇಂದಿಗೂ ಹೊಗಳುತ್ತದೆ.

ಆದರೆ 2011ರ ಅಕ್ಟೋಬರ್ 15ರಂದು ಆರ್ಥಿಕ ಅಸಮಾನತೆಯನ್ನು ಪ್ರತಿಭಟಿಸಿದ ಜನರು, ಷೇರುಪೇಟೆಯ ಬಳಿ ಜಾಗ ಸಿಗದೆ, ದೇವಾಲಯದ ಅಂಗಳದಲ್ಲಿ ಗುಡಾರ ಹಾಕಿದರು. ಸುರಕ್ಷತೆಯ ಕಾರಣ ನೀಡಿ ಡೀನ್ ಗ್ರೇಮ್ ನೋಲ್ಸ್ ಅವರೂ ಮಂಡಳಿಯವರೂ 21ರಂದು ಬಾಗಿಲು ಮುಚ್ಚಿದರು. ಎರಡನೆಯ ಮಹಾಯುದ್ಧದ ನಂತರ ಅಂಥದ್ದು ನಡೆದಿರಲಿಲ್ಲ. ಗುಡಾರಗಳನ್ನು ಬಲವಂತದಿಂದ ತೆಗೆಸುವುದರಲ್ಲಿ ಸಭೆ ಪಾಲುಗೊಳ್ಳಬಾರದೆಂದು ಕ್ಯಾನನ್ ಗೈಲ್ಸ್ ಫ್ರೇಜರ್ 27ರಂದು ರಾಜೀನಾಮೆಯಿತ್ತರು. ಮರುದಿನ ಬಾಗಿಲು ತೆರೆಯಿತು. 31ರಂದು ಡೀನರೂ ಪದತ್ಯಾಗ ಮಾಡಿದರು.

ಇವರನ್ನು ಹೃದಯಹೀನರೆಂದು ತೀರ್ಮಾನಿಸುವುದು ನನಗೆ ಸರಿಯೆನಿಸದು. ಬೆಂಕಿಯ ಭಯ, ಒಳಗೆ ದುಡಿಯುವವರ ಮತ್ತು ಬರುವವರ ಹೊಣೆ, ಇವೆಲ್ಲ ಮನೆವಾರ್ತೆಯವನ ಲೆಕ್ಕದಲ್ಲೇ ಸೇರಿವೆ. ಮ್ಯಾಥ್ಯೂಸರಲ್ಲಿ ಮೆಚ್ಚಿದ ಜಾಗರೂಕತೆಯೇ ಇವರಲ್ಲಿಯೂ ಇತ್ತು. ವ್ಯತ್ಯಾಸವಿಷ್ಟೇ: ಅಂದು ಕಾಯುವವರು ಮನೆಗಾಗಿ ತಮ್ಮನ್ನೇ ಅಪಾಯಕ್ಕೊಡ್ಡಿದರು; ಇಂದು ಮನೆಯನ್ನು ಅಪಾಯದಿಂದ ದೂರವಿಡಲು ಹೋಗಿ ಹೊಸ್ತಿಲಲ್ಲಿದ್ದವರು ಹೊರಗುಳಿದರು. ಬೀಗದಕೈ ಒಬ್ಬರ ಕೈಯಲ್ಲಿದ್ದಾಗ ಈ ಎರಡರ ನಡುವಣ ಗೆರೆ ಎಷ್ಟು ಬೇಗ ಅಳಿಸಿಹೋಗುತ್ತದೆಂಬುದು ನಮ್ಮ ಸಭೆಗಳ ಸಮಿತಿಗಳಲ್ಲಿ ಕುಳಿತವರಿಗೆ ತಿಳಿಯದ್ದೇನಲ್ಲ.

ಡೀನರು ಹೊರಟ ಮರುದಿನ, ನವೆಂಬರ್ 1ರಂದು, ಮಂಡಳಿಯು ಕಾನೂನುಕ್ರಮವನ್ನು ತಡೆಹಿಡಿದು ಗುಡಾರದವರೊಡನೆ ಮಾತುಕತೆಗೆ ಮುಂದಾಯಿತು.