ಕಾಡಿನ ಬಿಡಾರಕ್ಕೆ ಯಂತ್ರಗಳು ಬೇಕೋ?

ಬೆಟ್ಟಕಾಡುಗಳಲ್ಲಿ ಡೇರೆ ಹಾಕಿ ಒಂದೆರಡು ರಾತ್ರಿ ಕಳೆದು ಬರುವ ಪದ್ಧತಿಯು ಈಗ ನಮ್ಮ ಸೀಮೆಯ ಯೌವನಸ್ಥರಲ್ಲಿ ಬಹಳವಾಗಿ ಹಬ್ಬಿದೆ. ಶನಿವಾರ ಬಂತೆಂದರೆ ಬೆಂಗಳೂರು, ಮಂಗಳೂರು ಮೊದಲಾದ ಪಟ್ಟಣಗಳಿಂದ ಹೊರಟವರು ಘಟ್ಟದ ಬುಡದ ಹಳ್ಳಿಗಳಲ್ಲಿ ಇಳಿದು, ಬೆನ್ನಿಗೆ ಮೂಟೆ ಕಟ್ಟಿಕೊಂಡು ಬೆಟ್ಟ ಹತ್ತುವದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ನಮ್ಮ ಮನೆಗಳ ಮಕ್ಕಳೂ ಅವರೊಂದಿಗೆ ಹೋಗುತ್ತಾರೆ. ಆ ಮೂಟೆಯೊಳಗೆ ಏನಿರತಕ್ಕದ್ದು, ಏನಿರಬಾರದು ಎಂಬದು ಸಣ್ಣ ಪ್ರಶ್ನೆಯಂತೆ ತೋರಿದರೂ ವಿಚಾರಿಸಲು ಯೋಗ್ಯವಾದದ್ದೇ ಸರಿ.

ಈ ವಿಷಯದಲ್ಲಿ ಎರಡು ಪಕ್ಷಗಳುಂಟು. ಒಂದು ಪಕ್ಷದವರು ಹೇಳುವದೇನಂದರೆ: ಮನುಷ್ಯನು ಕಾಡಿಗೆ ಹೋಗುವದು ಯಂತ್ರಗಳ ಗದ್ದಲದಿಂದ ಬಿಡುಗಡೆ ಹೊಂದುವದಕ್ಕಾಗಿ, ಅಲ್ಲಿಗೂ ಮೊಬೈಲು, ವಿದ್ಯುದ್ದೀಪ, ಗ್ಯಾಸ್ ಒಲೆಗಳನ್ನು ಹೊತ್ತುಕೊಂಡು ಹೋದರೆ ಮನೆ ಬಿಟ್ಟು ಹೋದದ್ದು ಯಾತಕ್ಕೆ? ಇನ್ನೊಂದು ಪಕ್ಷದವರ ಮಾತು: ಜೀವ ಕಾಯುವ ಸಾಧನಗಳು ಕೈಗೆ ಎಟಕುವಾಗ ಅವುಗಳನ್ನು ಬಿಟ್ಟು ಹೋಗುವದು ಬುದ್ಧಿಹೀನತೆ. ಇವೆರಡು ಮಾತುಗಳಲ್ಲಿಯೂ ಸತ್ಯದ ಅಂಶವಿದೆ. ಆದರೆ ಯಾವದೊಂದರಿಂದಲೂ ನಮಗೆ ಸರಿಯಾದ ಅಳತೆಗೋಲು ದೊರಕುವದಿಲ್ಲ.

ಹೊಸದು ಹಳೆಯದು ಎಂಬ ಭೇದದಿಂದ ಈ ಪ್ರಶ್ನೆಯು ತೀರಲಾರದೆಂಬದನ್ನು ಮೊದಲು ತಿಳಿದುಕೊಳ್ಳೋಣ. ಇಂದು ಹಳೆಯ ಕಾಲದ ಸರಳ ವಸ್ತುವೆಂದು ನಾವು ಎಣಿಸುವ ಬೆಂಕಿಕಡ್ಡಿಯು 1827ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ಮಾರಾಟಕ್ಕೆ ಬಂದಾಗ ಜನರು ಬೆರಗಾಗುವಂಥ ನೂತನ ಪದಾರ್ಥವಾಗಿತ್ತು. ಸೀಮೆಎಣ್ಣೆಯನ್ನು ಗಾಳಿಯ ಒತ್ತಡದಿಂದ ಉರಿಸುವ ಪ್ರೈಮಸ್ ಒಲೆಯು 1892ರಲ್ಲಿ ಸ್ವೀಡನ್ ದೇಶದಲ್ಲಿ ಹುಟ್ಟಿತು. ಹಿಮದ ಸೀಮೆಗಳನ್ನು ಹುಡುಕಿ ಹೋದವರು ಅದನ್ನೇ ನಂಬಿ ಬದುಕಿದರು. ಅಜ್ಜನ ಕಾಲದಲ್ಲಿ ಯಂತ್ರವಾಗಿದ್ದದ್ದು ಮೊಮ್ಮಗನ ಕಾಲಕ್ಕೆ ಬರೀ ಸಾಮಾನಾಗುತ್ತದೆ.

ಇದಲ್ಲದೆ, ಹಳೆಯದೆಲ್ಲಾ ನಿರಪರಾಧವೆಂದೂ ಹೇಳುವ ಹಾಗಿಲ್ಲ. ಸೌದೆ ಕೂಡಿಸಿ ಬೆಂಕಿಯೆಬ್ಬಿಸಿ ಅನ್ನ ಬೇಯಿಸುವದು ಗ್ಯಾಸ್ ಒಲೆಗಿಂತ ಸರಳವೂ ವಿನಯವುಳ್ಳದ್ದೂ ಆಗಿ ತೋರುತ್ತದೆ. ಒಬ್ಬ ದನಗಾಹಿಯು ವರುಷಕ್ಕೆ ಎರಡು ಸಾರಿ ಹಾಗೆ ಮಾಡಿದರೆ ಬೆಟ್ಟಕ್ಕೆ ಏನೂ ಆಗದು. ಆದರೆ 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನರು ಒಟ್ಟಿಗೆ ಮುಗಿಬಿದ್ದ ಸಂಗತಿಯು ನಮಗೆ ನೆನಪಿದೆ. ಅಷ್ಟು ಮಂದಿಯೂ ಒಂದೊಂದು ಹೊರೆ ಸೌದೆ ಉರಿಸಿದರೆ ಬೆಟ್ಟದ ಗತಿಯೇನಾದೀತು? ಮಣ್ಣಿಗೆ ಸೇರಬೇಕಾದ ಒಣಮರವು ಬೂದಿಯಾಗುವದು. ಬೇಸಗೆಯಲ್ಲಿ ಒಂದು ಕಿಡಿ ಹಾರಿದರೆ ಹುಲ್ಲುಗುಡ್ಡವೇ ಹೊತ್ತುವದು. ಅಂಥ ಸ್ಥಳದಲ್ಲಿ ಹೊಸ ಕಾಲದ ಚಿಕ್ಕ ಒಲೆಯೇ ಹೆಚ್ಚು ವಿನಯವುಳ್ಳದ್ದು. ಅದೇ ವರುಷದಲ್ಲಿ ಸರಕಾರದವರು ಚಾರಣವನ್ನು ತಡೆದು, ಮುಂಗಡವಾಗಿ ಇಂಟರ್ನೆಟ್ಟಿನ ಮೂಲಕ ಹೆಸರು ಬರೆಸಿದವರಿಗೆ ಮಾತ್ರ, ಅದೂ ದಿನಕ್ಕೆ ಇಷ್ಟೇ ಮಂದಿಯೆಂಬ ಮಿತಿಯೊಳಗೆ, ಅಪ್ಪಣೆ ಕೊಡುವ ಏರ್ಪಾಡನ್ನು ಮಾಡಿದರು. ಯಂತ್ರವನ್ನೇ ಬೇಡವೆನ್ನುವವನು ಸಹ ಆ ಬೆಟ್ಟದ ಬಾಗಿಲನ್ನು ಯಂತ್ರದ ಮೂಲಕವೇ ತಟ್ಟಬೇಕಾಗಿದೆ; ಮತ್ತು ಆ ಏರ್ಪಾಡು ಬೆಟ್ಟದ ಹಿತಕ್ಕಾಗಿಯೇ ಇದೆ.

ಹೊಸ ಸಾಧನವು ಕಾಡಿನ ಬಿಡಾರದೊಳಗೆ ಬಂದದ್ದು ನಮ್ಮ ಕಾಲದಲ್ಲಿಯೇ ಮೊದಲಲ್ಲ. 1858ನೇ ಇಸವಿಯ ಆಗಸ್ಟಿನಲ್ಲಿ ಅಮೇರಿಕ ದೇಶದ ಎಮರ್ಸನ್, ಪ್ರಾಣಿಶಾಸ್ತ್ರಜ್ಞನಾದ ಅಗಾಸಿ, ಕವಿಯಾದ ಲೋವೆಲ್ ಮೊದಲಾದ ಪಂಡಿತರು ಅಡಿರಾಂಡಾಕ್ ಎಂಬ ಬೆಟ್ಟಸೀಮೆಯ ಒಂದು ಕೆರೆಯ ದಡದಲ್ಲಿ ಬಿಡಾರ ಮಾಡಿದರು. ಅವರು ಅಲ್ಲಿರುವಾಗಲೇ, ಅಟ್ಲಾಂಟಿಕ್ ಸಮುದ್ರದ ತಳದಲ್ಲಿ ತಂತಿಯನ್ನು ಹಾಸಿ ಎರಡು ಖಂಡಗಳನ್ನು ಜೋಡಿಸಿದರೆಂಬ ಸುದ್ದಿಯು ಆ ಕಾಡಿಗೂ ತಲುಪಿತು. ಪಟ್ಟಣವನ್ನು ಬಿಟ್ಟು ಬಂದಿದ್ದ ಆ ಪಂಡಿತರು ಬೇಸರಪಡಲಿಲ್ಲ, ಸಂತೋಷಪಟ್ಟರು. ಎಮರ್ಸನನು ಬಳಿಕ ಆ ಬಿಡಾರದ ಕುರಿತು ಬರೆದ ಪದ್ಯದಲ್ಲಿ ಆ ಸುದ್ದಿಗೂ ಸ್ಥಳ ಕೊಟ್ಟನು. ಆದರೆ ಆ ತಂತಿಯು ಕೆಲಸ ಮಾಡಿದ್ದು ಸುಮಾರು ಮೂರು ವಾರ ಮಾತ್ರ. ಅನಂತರ ಅದು ಮೂಕವಾಯಿತು. ಬಾಳಿಕೆ ಬರುವ ತಂತಿಯು ಬಿದ್ದದ್ದು 1866ರಲ್ಲಿ. ಇನ್ನೊಂದು ಸಂಗತಿಯನ್ನು ಗಮನಿಸಿರಿ. ಆ ಪಂಡಿತರೊಂದಿಗೆ ಕಾಡಿನ ದಾರಿಯನ್ನೂ ದೋಣಿ ನಡಿಸುವದನ್ನೂ ಬಲ್ಲ ಆ ಸೀಮೆಯ ಜನರು ಇದ್ದರು. ಲೋಕವೆಲ್ಲಾ ಕೊಂಡಾಡುತ್ತಿದ್ದ ವಿದ್ವಾಂಸರು ಕಾಡಿನಲ್ಲಿ ಹಳ್ಳಿಯವರ ಹಿಂದೆ ನಡೆದರು. ತಂತಿಯು ಕೆಟ್ಟಿತು, ದಾರಿ ಬಲ್ಲವರ ಜ್ಞಾನವು ಕೆಡಲಿಲ್ಲ.

ಈಗಿನ ಸಾಧನಗಳ ವಿಷಯಕ್ಕೆ ಬರೋಣ. ಮೊಬೈಲಿನೊಳಗೆ ಜಿಪಿಎಸ್ ಎಂಬ ದಾರಿ ತೋರಿಸುವ ಏರ್ಪಾಡಿದೆ. ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಮ್ಮ ಗಡಿಯಾರದ ಸಮಯವನ್ನು ಸಾರುತ್ತಿರುತ್ತವೆ. ಕೈಯಲ್ಲಿರುವ ಸಾಧನವು ಕಡಿಮೆಯೆಂದರೆ ನಾಲ್ಕು ಉಪಗ್ರಹಗಳ ಸಂಕೇತಗಳನ್ನು ಹಿಡಿದು, ಅವು ಬಂದು ಮುಟ್ಟಲು ಹಿಡಿದ ಹೊತ್ತಿನಿಂದ ತಾನಿರುವ ಸ್ಥಳವನ್ನು ಲೆಕ್ಕ ಮಾಡುತ್ತದೆ. ಇದಕ್ಕೆ ಫೋನು ಕಂಪೆನಿಯ ಕಂಬ ಬೇಕಾಗಿಲ್ಲ. ಆದರೆ ನಕ್ಷೆಯನ್ನು ಮನೆಯಲ್ಲಿಯೇ ಇಳಿಸಿಕೊಂಡಿರದಿದ್ದರೆ ಬರಿಯ ಪರದೆಯ ಮೇಲೆ ಒಂದು ಚುಕ್ಕೆ ಮಾತ್ರ ಕಾಣುವದು. ದಟ್ಟವಾದ ಮರಗಳ ಕೆಳಗೆ, ಆಳವಾದ ಕಣಿವೆಯಲ್ಲಿ, ಆ ಚುಕ್ಕೆಯೂ ಅತ್ತಿತ್ತ ಅಲೆಯುವದುಂಟು. ಮೇಲಾಗಿ ಕಂಬದ ಸಂಕೇತವು ದುರ್ಬಲವಾಗಿರುವ ಸ್ಥಳದಲ್ಲಿ ಮೊಬೈಲು ಅದನ್ನು ಹುಡುಕುತ್ತಾ ಹುಡುಕುತ್ತಾ ತನ್ನ ಬ್ಯಾಟರಿಯನ್ನು ಬೇಗನೆ ಬರಿದು ಮಾಡಿಕೊಳ್ಳುತ್ತದೆ. ಚಿಕ್ಕ ದಿಕ್ಸೂಚಿಗೂ ಕಾಗದದ ನಕ್ಷೆಗೂ ಅಂಥ ಹಸಿವೆಯಿಲ್ಲ.

ಯಂತ್ರವು ಮನುಷ್ಯನಿಗೆ ಎಷ್ಟು ದೊಡ್ಡ ಉಪಕಾರ ಮಾಡಬಲ್ಲದೆಂಬದಕ್ಕೂ ಒಂದು ಉದಾಹರಣೆಯನ್ನು ಕೊಡತಕ್ಕದ್ದು ನ್ಯಾಯ. ಕಾಸ್ಪಾಸ್-ಸಾರ್ಸಾಟ್ ಎಂಬ ಏರ್ಪಾಡಿನಲ್ಲಿ ಆಪತ್ತಿನಲ್ಲಿರುವವನು ಒಂದು ಚಿಕ್ಕ ಸಾಧನದ ಗುಂಡಿಯನ್ನೊತ್ತಿದರೆ ಅದರ ಕೂಗನ್ನು ಉಪಗ್ರಹಗಳು ಹಿಡಿದು ರಕ್ಷಕರಿಗೆ ತಿಳಿಸುತ್ತವೆ. 1979ರಲ್ಲಿ ಇದಕ್ಕೆ ಒಪ್ಪಿಕೊಂಡ ನಾಲ್ಕು ರಾಜ್ಯಗಳೊಳಗೆ ಅಮೇರಿಕ ಮತ್ತು ಸೋವಿಯತ್ ರಷ್ಯ ಎರಡೂ ಇದ್ದವು. ಬೇರೆಲ್ಲದರಲ್ಲಿಯೂ ಒಬ್ಬರನ್ನೊಬ್ಬರು ಶಂಕಿಸುತ್ತಿದ್ದ ಆ ಎರಡು ಬಲಿಷ್ಠ ರಾಜ್ಯಗಳು ದಾರಿತಪ್ಪಿದ ಪರಕೀಯನ ಜೀವಕ್ಕಾಗಿ ಕೈಜೋಡಿಸಿದವು. 1982ರ ಸೆಪ್ಟೆಂಬರಿನಲ್ಲಿ ಕೆನಡ ದೇಶದ ಕಾಡಿನಲ್ಲಿ ವಿಮಾನ ಬಿದ್ದು ಸಿಕ್ಕಿಕೊಂಡಿದ್ದ ಮೂವರು ಇದರಿಂದ ಮೊದಲಾಗಿ ಬದುಕಿದರು. ಅಂದಿನಿಂದ ಈ ವರೆಗೆ ಹತ್ತಾರು ಸಾವಿರ ಮಂದಿ ಬದುಕಿದ್ದಾರೆ. ನಮ್ಮ ದೇಶಕ್ಕೆ ಬರುವ ಇಂಥ ಕೂಗುಗಳನ್ನು ಆಲಿಸುವ ಕೇಂದ್ರವು ಬೆಂಗಳೂರಿನಲ್ಲಿಯೇ ಇದೆ. ಉಪಗ್ರಹ ದೂರವಾಣಿಯ ಮಾತು ಬೇರೆ. ಸರಕಾರದ ಅಪ್ಪಣೆಯಿಲ್ಲದೆ ಅದನ್ನು ಇಟ್ಟುಕೊಳ್ಳುವದು ನಮ್ಮ ದೇಶದಲ್ಲಿ ಅಪರಾಧ.

ಇಷ್ಟು ವಿಚಾರಿಸಿದ ಮೇಲೆ ಈ ಪ್ರಶ್ನೆಯ ತಿರುಳು ಕಾಣಬರುತ್ತದೆ. “ನನ್ನ ಜೀವ ನನ್ನದು, ಟಾರ್ಚೂ ಬೇಡ, ಫೋನೂ ಬೇಡ, ಪೂರ್ವಿಕರಂತೆ ಹೋಗಿ ಬರುತ್ತೇನೆ” ಎಂದು ಒಬ್ಬನು ಹೇಳುವದು ಕೇಳಲಿಕ್ಕೆ ಧೈರ್ಯದ ಮಾತಿನಂತಿದೆ. ಆದರೆ ಅವನು ಸಾಯಂಕಾಲ ಹಿಂದಿರುಗದೆ ಹೋದರೆ ಹುಡುಕಲು ಹೊರಡುವವರು ಯಾರು? ಕಾಡು ಕಾಯುವ ಗಾರ್ಡುಗಳು, ಆ ಹಳ್ಳಿಯ ರೈತರು, ತೋಟದ ಆಳುಗಳು. ದಿನದ ದುಡಿಮೆ ಮುಗಿಸಿ ಉಂಡು ಮಲಗಬೇಕಾದವರು ಜಿಗಣೆ, ಹಾವು, ಆನೆಗಳ ದಾರಿಯಲ್ಲಿ ರಾತ್ರಿಯೆಲ್ಲಾ ಅವನ ಹೆಸರು ಕೂಗುತ್ತಾ ಅಲೆಯುತ್ತಾರೆ. ಅವನ ಸರಳತೆಯ ಬೆಲೆಯನ್ನು ತೆತ್ತವರು ಅವರು. ಬೇರೊಬ್ಬನ ಬೆನ್ನ ಮೇಲೆ ಹೊರಿಸಿದ ಸರಳತೆಯು ಸಾಲವೇ ಹೊರತು ಸದ್ಗುಣವಲ್ಲ.

ಯಂತ್ರವನ್ನೇ ನಂಬಿ ಹೋಗುವವನೂ ಅದೇ ಸಾಲಗಾರನು. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋಗಿದ್ದವರು ಕಾಡ್ಗಿಚ್ಚಿನಲ್ಲಿ ಸಿಕ್ಕಿಕೊಂಡು ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಆ ನೆರೆಹೊರೆಯ ಜನರು ಬೆಟ್ಟವೇರಿ ಹೋಗಿ ಸುಟ್ಟ ಗಾಯದವರನ್ನು ಇಳಿಸುವದಕ್ಕೆ ನೆರವಾದರು. ವಾಯುಸೇನೆಯ ಹೆಲಿಕಾಪ್ಟರುಗಳೂ ಬಂದವು. ಹುಲ್ಲು ಒಣಗಿ ನಿಂತ ಆ ಕಾಲದಲ್ಲಿ ಬೇಕಾಗಿದ್ದದ್ದು ಒಂದೇ ಎಚ್ಚರಿಕೆ: ಈಗ ಈ ಬೆಟ್ಟಕ್ಕೆ ಹೋಗಬಹುದೋ ಎಂದು ಬಲ್ಲವರನ್ನು ಕೇಳಿ, ಬೇಡವೆಂದರೆ ಹಿಂದಿರುಗುವದು. ಇದನ್ನು ಯಾವ ಯಂತ್ರವೂ ನಮಗೋಸ್ಕರ ಮಾಡಿಕೊಡಲಾರದು. ಸತ್ತವರನ್ನು ದೂಷಿಸುವದಕ್ಕಾಗಿ ನಾವು ಇದನ್ನು ಬರೆಯುತ್ತಿಲ್ಲ. ಬದುಕಿರುವವರು ಕಲಿಯಲಿ ಎಂಬದಕ್ಕಾಗಿ ಬರೆಯುತ್ತೇವೆ.

ಹಾಗಾದರೆ ಬಿಟ್ಟು ಹೋಗತಕ್ಕವುಗಳು ಯಾವವು? ಅವೂ ಉಂಟು. ಧ್ವನಿವರ್ಧಕ ಪೆಟ್ಟಿಗೆಯನ್ನು ಬೆಟ್ಟದ ಮೇಲೆ ಹಾಡಿಸುವವನು ಯಾರ ಜೀವವನ್ನೂ ಕಾಯುವದಿಲ್ಲ. ಅಲ್ಲಿಯ ಮೃಗಪಕ್ಷಿಗಳನ್ನು ಬೆದರಿಸಿ, ಪಕ್ಕದ ಡೇರೆಯವನ ನಿದ್ರೆಯನ್ನು ಕದಿಯುತ್ತಾನೆ. ಕತ್ತಲೆಯನ್ನು ಹಗಲು ಮಾಡುವ ದೊಡ್ಡ ದೀಪಗಳೂ ಹಾಗೆಯೇ. ಮುಂಗಾರಿಗೆ ಮೊದಲು ನಮ್ಮ ಘಟ್ಟಗಳಲ್ಲಿ ಮಿಂಚುಹುಳಗಳು ಮರಮರಗಳಲ್ಲಿ ಮಿನುಗುವದನ್ನು ನೀವು ಕಂಡಿದ್ದೀರಿ. ಆ ಮಿನುಗು ಗಂಡು ಹುಳವು ಹೆಣ್ಣನ್ನು ಕರೆಯುವ ಮಾತು. ನಮ್ಮ ದೀಪದ ಪ್ರಕಾಶದಲ್ಲಿ ಆ ಮಾತು ಅಡಗಿಹೋಗುತ್ತದೆ. ಮನುಷ್ಯನ ಕಣ್ಣಾದರೋ ಇಪ್ಪತ್ತು ಮೂವತ್ತು ನಿಮಿಷ ತಾಳ್ಮೆಯಿಂದಿದ್ದರೆ ಕತ್ತಲೆಯಲ್ಲಿಯೂ ಬಹಳವನ್ನು ನೋಡಲು ಕಲಿಯುತ್ತದೆ. ಒಂದು ಸಾರಿ ಮೊಬೈಲಿನ ಪರದೆಯನ್ನು ನೋಡಿದರೆ ಆ ಶಕ್ತಿಯನ್ನು ಕಳಕೊಂಡು ಪುನಃ ಮೊದಲಿನಿಂದ ಕಾಯಬೇಕಾಗುತ್ತದೆ.

ಇಲ್ಲಿ ಒಂದು ಕಷ್ಟವಿದೆಯೆಂದು ನಾವು ಒಪ್ಪಿಕೊಳ್ಳತಕ್ಕದ್ದು. ಹಿಂದೆ ದಿಕ್ಸೂಚಿಯೇ ಬೇರೆ, ತಂಬೂರಿಯೇ ಬೇರೆ. ಒಂದನ್ನು ಒಯ್ದು ಇನ್ನೊಂದನ್ನು ಬಿಡಬಹುದಾಗಿತ್ತು. ಈಗಿನ ಮೊಬೈಲಿನಲ್ಲಿ ಆಪತ್ತಿನ ಕರೆಯೂ ವಿನೋದವೂ ಒಂದೇ ಪೆಟ್ಟಿಗೆಯೊಳಗಿವೆ. ಅದನ್ನು ಮನೆಯಲ್ಲಿ ಬಿಟ್ಟರೆ ಆಪತ್ಕಾಲದ 112 ಎಂಬ ಸಂಖ್ಯೆಯನ್ನು ಕರೆಯುವ ದಾರಿಯೂ ಇಲ್ಲವಾಗುತ್ತದೆ. ಒಯ್ದರೆ ಶೋಧನೆಯೂ ಜೊತೆಗೆ ಬರುತ್ತದೆ. ಆದಕಾರಣ ವಿವೇಕವು ಈಗ ಮೂಟೆ ಕಟ್ಟುವಾಗಲೇ ಮುಗಿಯುವದಿಲ್ಲ. ಬಿಡಾರದಲ್ಲಿಯೂ ಪ್ರತಿ ಗಳಿಗೆ ಅದನ್ನು ನಡಿಸಬೇಕು. ಹಗಲೆಲ್ಲಾ ಚಿತ್ರ ತೆಗೆಯುತ್ತಾ ಪದ ಕೇಳುತ್ತಾ ಬ್ಯಾಟರಿಯನ್ನು ಕಳೆದವನು, ರಾತ್ರಿ ಜೊತೆಯವನ ಕಾಲು ಮುರಿದಾಗ ಕೈಯಲ್ಲಿ ತಣ್ಣಗಿನ ಗಾಜನ್ನು ಹಿಡಿದು ನಿಲ್ಲುವನು. ಅವನು ತನ್ನ ಸುಖಕ್ಕೆ ವೆಚ್ಚ ಮಾಡಿದ್ದು ತನ್ನದನ್ನಲ್ಲ, ಸ್ನೇಹಿತನ ಪಾಲನ್ನು. ಮೊಬೈಲನ್ನು ಆರಿಸಿ, ನೀರು ತಾಗದಂತೆ ಸುತ್ತಿ, ಮೂಟೆಯ ಅಡಿಯಲ್ಲಿ ಔಷಧದ ಪೊಟ್ಟಣದ ಪಕ್ಕದಲ್ಲಿ ಇಟ್ಟುಕೊಳ್ಳುವವನು ಎರಡು ಪಕ್ಷದವರಿಗೂ ಸರಿಯಾದ ಉತ್ತರವನ್ನು ಕೊಟ್ಟಂತಾಯಿತು.

ಕಡೆಯದಾಗಿ, ಹೊರಡುವ ಯೌವನಸ್ಥರು ಪ್ರತಿಯೊಂದು ವಸ್ತುವನ್ನು ಕೈಗೆ ತೆಗೆದುಕೊಳ್ಳುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಇದಿಲ್ಲದೆ ಹೋದರೆ ನನ್ನ ಭಾರವು ಇನ್ನೊಬ್ಬನ ಮೇಲೆ ಬೀಳುವದೋ? ಬೀಳುವದಾದರೆ ಒಯ್ಯತಕ್ಕದ್ದು. ಇದನ್ನು ಒಯ್ದರೆ ಇನ್ನೊಬ್ಬರಿಗೂ ಕಾಡಿನ ಜೀವಿಗಳಿಗೂ ಉಪದ್ರವಾಗುವದೋ? ಆಗುವದಾದರೆ ಬಿಡತಕ್ಕದ್ದು. ಇದು ಕೆಟ್ಟುಹೋದರೆ ನನ್ನ ಕಾಲು, ಕಣ್ಣು, ಬುದ್ಧಿಗಳಿಂದ ಹಿಂದಿರುಗಿ ಬರಬಲ್ಲೆನೋ? ಬರಲಾರದಿದ್ದರೆ ಇನ್ನೂ ಹೋಗುವ ಕಾಲ ಬಂದಿಲ್ಲ. ಬಲ್ಲವರೊಂದಿಗೆ ಸಣ್ಣ ಗುಡ್ಡವನ್ನು ಹತ್ತಿ ಕಲಿಯಲಿ.

ಘಟ್ಟದ ಬುಡದಲ್ಲಿ ವಾಸಿಸುವ ನಮ್ಮ ವಾಚಕರಿಗೂ ಒಂದು ಮಾತು. ಪಟ್ಟಣದ ಮಕ್ಕಳು ನಿಮ್ಮ ಅಂಗಳದಲ್ಲಿ ನಿಂತು ದಾರಿ ಕೇಳಿದರೆ ನಗಬೇಡಿರಿ. ಹಳ್ಳದಲ್ಲಿ ಎಷ್ಟು ನೀರಿದೆ, ಆನೆ ಯಾವ ಕಡೆಗೆ ಹೋಯಿತು, ಯಾವ ಬಂಡೆ ಜಾರುತ್ತದೆ ಎಂಬದನ್ನು ತಿಳಿಸಿರಿ. ಅವರ ಹೆಸರನ್ನೂ ಹಿಂದಿರುಗುವ ಹೊತ್ತನ್ನೂ ಕೇಳಿ ಇಟ್ಟುಕೊಳ್ಳಿರಿ. ಆಕಾಶದ ಉಪಗ್ರಹಗಳಿಗೆ ತಿಳಿಯದ ಈ ಸಂಗತಿಗಳು ನಿಮಗೆ ತಿಳಿದಿವೆ. ಅವುಗಳನ್ನು ಹೇಳಲಿಕ್ಕೆ ಬ್ಯಾಟರಿಯೂ ಬೇಕಾಗಿಲ್ಲ.